ನೀಸ್ ಬೆಟ್ಟಕ್ಕೆ ತಂಗಿಯ ಸೈಕಲ್ ಸಜ್ಜು ಮಾಡಿದ್ದು: ಗೇರ್, ಮೀಟರ್, ವ್ಯಾಟ್ ಪಟ್ಟಿ

ತಂಗಿ ನೀಸ್ ಐರನ್‌ಮ್ಯಾನ್ ಅನ್ನುವ ಟ್ರಯಥ್ಲಾನ್ ರೇಸಿಗೆ ಹೆಸರು ಕೊಟ್ಟಳು. ಫ್ರಾನ್ಸ್‌ನ ದಕ್ಷಿಣ ಕರಾವಳಿಯ ಊರು ಅದು. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಈಜು, ಓಟ ಅವಳದ್ದು. ಸೈಕಲ್ಲಿನ ಸ್ಪ್ಯಾನರ್ ಕೆಲಸ ಮತ್ತು ಎಲ್ಲಿ ಎಷ್ಟು ತುಳಿಯಬೇಕು ಅನ್ನುವ ಲೆಕ್ಕ ನನ್ನದು ಅಂತ ಮೊದಲೇ ಮಾತಾಯಿತು. ಮಾಡಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ, ಏಕೆಂದರೆ ಬೆಟ್ಟದ ಕೋರ್ಸ್‌ಗೆ ಪೇಸಿಂಗ್, ಅಂದರೆ ಶಕ್ತಿಯನ್ನು ಹಂಚಿಕೊಳ್ಳುವುದರ ಬಗ್ಗೆ ಸಿಗುವ ಸಲಹೆ ಹೆಚ್ಚಾಗಿ "ಮೊದಲು ನಿಧಾನ ಹೋಗಿ" ಅನ್ನುವಷ್ಟಕ್ಕೇ ನಿಲ್ಲುತ್ತದೆ. ನಿಧಾನ ಅಂದರೆ ಎಷ್ಟು? ಆ ನಿಧಾನಕ್ಕೆ ಸೈಕಲ್ಲಿನಲ್ಲಿ ಗೇರ್ ಇದೆಯಾ? ಅಲ್ಲಿಂದ ಶುರು ಮಾಡಬೇಕು.

ಕೋರ್ಸ್ ಬಗ್ಗೆ ಸ್ವಲ್ಪ. ಸಮುದ್ರದ ಪಕ್ಕದ ಪ್ರೊಮೆನಾಡ್ ದೆಝಾಂಗ್ಲೆ ರಸ್ತೆಯಿಂದ ಹೊರಟು ಒಳನಾಡಿನ ಬೆಟ್ಟಗಳಿಗೆ ಹತ್ತಿ ಮತ್ತೆ ಅಲ್ಲಿಗೇ ಇಳಿಯುವ ದಾರಿ. ಒಟ್ಟು ಏರಿಕೆ ಸುಮಾರು 2400 ಮೀಟರ್. ನಂದಿ ಬೆಟ್ಟವನ್ನು ತಳದಿಂದ ತುದಿಗೆ ಹೆಚ್ಚುಕಡಿಮೆ ಆರು ಸಲ ಹತ್ತಿದಷ್ಟು. ಅದರಲ್ಲಿ ದೊಡ್ಡದು ಕೋಲ್ ದ ಲೆಕ್ರ್, 1120 ಮೀಟರ್ ಎತ್ತರದ ಕಣಿವೆ ದಾರಿ, ಸುಮಾರು 20 ಕಿ.ಮೀ. ಉದ್ದದ ಏರು, ಸರಾಸರಿ 5 ಪರ್ಸೆಂಟ್ ಹತ್ತಿರ, ಅಂದರೆ ನೂರು ಮೀಟರ್ ಹೋದರೆ 5 ಮೀಟರ್ ಮೇಲೆ. ಅದು ಮೊದಲ ಅರ್ಧದಲ್ಲೇ ಬರುತ್ತದೆ. ಕಾಲು ಹೊಸದಾಗಿರುವಾಗ, ಸುತ್ತ ಎಲ್ಲರೂ ಜೋರಾಗಿ ಹೋಗುತ್ತಿರುವಾಗ. ಈ ಊರಿನಲ್ಲಿ ಟ್ರಯಥ್ಲಾನ್ 1982ರಿಂದಲೂ ಇದೆ, ಮಾರ್ಕ್ ಅಲೆನ್ ಇಲ್ಲಿ ಹತ್ತು ಸಲ ಗೆದ್ದವರು. 2023ರಲ್ಲಿ ಗಂಡಸರ ವಿಶ್ವ ಚಾಂಪಿಯನ್‌ಶಿಪ್ ಇಲ್ಲೇ ನಡೆದಾಗ ಸ್ಯಾಮ್ ಲೇಡ್ಲೋ ಸೈಕಲ್ಲನ್ನು ನಾಲ್ಕೂವರೆ ಗಂಟೆ ಆಸುಪಾಸಿನಲ್ಲಿ ಮುಗಿಸಿ ಗೆದ್ದರು. ನಮ್ಮ ಲೆಕ್ಕ ಏಳೂವರೆ ಗಂಟೆಯ ಮೇಲಿನದು. ಅವರ ಪೇಸಿಂಗ್ ನಮಗೆ ಮಾದರಿಯಾಗುವುದಿಲ್ಲ, ಇಷ್ಟು ಹೊತ್ತು ಸೀಟಿನ ಮೇಲೆ ಕೂರುವವರ ಲೆಕ್ಕವೇ ಬೇರೆ.

ಗೇರ್

ಸೈಕಲ್ಲು ರೋಡ್ ಬೈಕ್, ಶಿಮಾನೋ 105 ಆರ್7000 ಗೇರ್ ಸೆಟ್, ರಿಮ್ ಬ್ರೇಕ್. ಮುಂದಿನ ಎರಡು ಚಕ್ರಗಳಿಗೆ (ಚೈನ್‌ರಿಂಗ್) 52 ಮತ್ತು 36 ಹಲ್ಲು, ಹಿಂದಿನ ಚಕ್ರಗಳ ಗೊಂಚಲಿಗೆ (ಕ್ಯಾಸೆಟ್) 11ರಿಂದ 28 ಹಲ್ಲು. ಬೆಂಗಳೂರಿನ ಸುತ್ತ ಓಡಿಸಲು ಚೆನ್ನಾಗಿಯೇ ಇತ್ತು. ನೀಸ್‌ಗೆ ಸಾಲದು ಅಂತ ಮನಸ್ಸಿಗೆ ಅನಿಸಿತ್ತು, ಆದರೆ ದುಡ್ಡು ಖರ್ಚು ಮಾಡುವ ಮೊದಲು ಲೆಕ್ಕ ಹಾಕಿ ನೋಡಿದೆ.

ತಂಗಿ, ಸೈಕಲ್ಲು, ಎರಡು ತುಂಬಿದ ಬಾಟಲಿ, ಹೆಲ್ಮೆಟ್, ಶೂ, ಟೂಲ್, ತಿನ್ನುವ ಸಾಮಾನು ಎಲ್ಲ ಸೇರಿ 70 ಕಿಲೋ. ಇದನ್ನು ಅಂದಾಜು ಮಾಡಬೇಡಿ, ಎಲ್ಲ ಹೊತ್ತುಕೊಂಡು ಸೈಕಲ್ಲನ್ನೂ ಎತ್ತಿ ಹಿಡಿದು ತಕ್ಕಡಿ ಮೇಲೆ ನಿಲ್ಲಿ. ಅವಳ ಎಫ್‌ಟಿಪಿ 200 ವ್ಯಾಟ್. ಅಂದರೆ ಒಂದು ಗಂಟೆ ಹತ್ತಿರ ಜಗ್ಗದೆ ಹಿಡಿಯಬಲ್ಲ ಶಕ್ತಿ. 20 ನಿಮಿಷದ ಟೆಸ್ಟ್‌ನಲ್ಲಿ 210 ಬಂತು, ಅದರ 95 ಪರ್ಸೆಂಟ್ ತೆಗೆದುಕೊಂಡೆವು.

ಈಗ 10 ಪರ್ಸೆಂಟಿನ ಒಂದು ಚಿಕ್ಕ ಚಡಾವು ಬಂತು ಅನ್ನಿ. 36×28ರಲ್ಲಿ, ಅಂದರೆ ಮುಂದೆ 36, ಹಿಂದೆ 28 ಹಲ್ಲಿಗೆ ಹಾಕಿ, ನಿಮಿಷಕ್ಕೆ 65 ಸುತ್ತು ತುಳಿಯಬೇಕು ಅಂದರೆ ವೇಗ ಸುಮಾರು ಹತ್ತೂವರೆ ಕಿ.ಮೀ., ಅದಕ್ಕೆ ಬೇಕಾದ ಶಕ್ತಿ 220 ವ್ಯಾಟ್‌ಗೂ ಮೇಲೆ. ಎಫ್‌ಟಿಪಿಯನ್ನೇ ದಾಟಿ ಹೋಯಿತು. ಬೇಡ, 170ರಲ್ಲೇ ಹತ್ತುತ್ತೇನೆ ಅಂದರೆ ಕಾಲು 50 ಸುತ್ತಿಗೆ ಇಳಿಯುತ್ತದೆ, ಪ್ರತಿ ತುಳಿತವೂ ಮಂಡಿಗೆ ಭಾರ. ಇದಕ್ಕೇ ಹೇಳುವುದು, ಗೇರ್ ಇಲ್ಲದಿದ್ದರೆ ಪೇಸಿಂಗ್ ನಿಮ್ಮ ಕೈಯಲ್ಲಿರುವುದಿಲ್ಲ. ಎಷ್ಟು ಶಕ್ತಿ ಹಾಕಬೇಕು ಅಂತ ರಸ್ತೆ ತೀರ್ಮಾನ ಮಾಡುತ್ತದೆ. ಅದೇ 34×34 ಇದ್ದರೆ 170 ವ್ಯಾಟ್‌ನಲ್ಲಿ 64 ಸುತ್ತು. ಹಾಯಾಗಿಲ್ಲ, ಆದರೆ ಕೂತುಕೊಂಡೇ ಹತ್ತಬಹುದು.

ಹಾಗಾಗಿ ಮುಂದೆ 50/34, ಹಿಂದೆ 11-34. ಇದಕ್ಕೆ ಹಳೆಯ ಹಿಂದಿನ ಡಿರೈಲರ್ (ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬರುವುದಿಲ್ಲ. ನಮ್ಮದು ಚಿಕ್ಕ ಕೇಜಿನ (ಚೈನು ಹಾಯುವ ತೋಳಿನ) ಎಸ್‌ಎಸ್ ಮಾಡೆಲ್, ಅದು 30 ಹಲ್ಲಿನವರೆಗೆ ಮಾತ್ರ. ಜಿಎಸ್ ಅನ್ನುವ ಉದ್ದ ಕೇಜಿನದು 34ರವರೆಗೆ ಹೋಗುತ್ತದೆ. ಅದರ ಒಟ್ಟು ಸಾಮರ್ಥ್ಯ 39 ಹಲ್ಲು: ಮುಂದಿನ ವ್ಯತ್ಯಾಸ 16, ಹಿಂದಿನದು 23, ಕೂಡಿದರೆ ಸರಿಯಾಗಿ 39. ಒಂದು ಹಲ್ಲೂ ಮಿಕ್ಕಿಲ್ಲ, ಆದರೆ ಮಿತಿಯೊಳಗೇ ಇದೆ.

ಚೈನ್‌ರಿಂಗ್ ಬದಲಿಸಲು ಕ್ರ್ಯಾಂಕ್ ಬದಲಿಸಬೇಕಿಲ್ಲ. ಆರ್7000ದ ನಾಲ್ಕು ಬೋಲ್ಟಿನ ಸ್ಪೈಡರ್‌ಗೆ ಎರಡೂ ಜೋಡಿ ಕೂರುತ್ತವೆ. ಆದರೆ ಜೋಡಿಯಾಗಿಯೇ ತಗೊಳ್ಳಿ, 52ರ ಜೊತೆ 34 ಹಾಕಲು ಹೋಗಬೇಡಿ, ಶಿಫ್ಟಿಂಗ್ ಕೆಡುತ್ತದೆ. ಬೋಲ್ಟ್‌ಗಳನ್ನು 12ರಿಂದ 14 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿದೆ, ಒಂದೇ ಸಲ ಅಲ್ಲ, ಎದುರುಬದುರಾಗಿ ಸ್ವಲ್ಪ ಸ್ವಲ್ಪ. ದೊಡ್ಡ ರಿಂಗ್ ಚಿಕ್ಕದಾದ್ದರಿಂದ ಮುಂದಿನ ಡಿರೈಲರ್ ಕೆಳಗಿಳಿಸಬೇಕು. ಹೊರಗಿನ ಪ್ಲೇಟಿಗೂ ಹಲ್ಲಿನ ತುದಿಗೂ 1ರಿಂದ 3 ಮಿ.ಮೀ. ಅಂತರ. ಎರಡು ಎರಡೂವರೆ ಮಿ.ಮೀ.ಗೆ ಇಟ್ಟೆ.

ಕ್ಯಾಸೆಟ್‌ನಲ್ಲಿ ಒಂದು ವಿಷಯ ಗಮನಿಸಿ. ಶಿಮಾನೋದ ಹನ್ನೊಂದು ಸ್ಪೀಡಿನ 11-34 ಕ್ಯಾಸೆಟ್ ರೋಡ್ ಹಬ್‌ಗೆ ನೇರವಾಗಿ ಕೂರುವುದಿಲ್ಲ. ಅದರ ಹಿಂದೆ 1.85 ಮಿ.ಮೀ. ದಪ್ಪದ ಸ್ಪೇಸರ್ ಹಾಕಬೇಕು. ಡಬ್ಬದಲ್ಲೇ ಬರುತ್ತದೆ, ತೆಳ್ಳಗಿನ ಬಳೆ. ಅದನ್ನು ಬಿಟ್ಟರೆ ಲಾಕ್‌ರಿಂಗ್ ಎಷ್ಟು ತಿರುಗಿಸಿದರೂ ಕ್ಯಾಸೆಟ್ ಅಲ್ಲಾಡುತ್ತಲೇ ಇರುತ್ತದೆ. ಲಾಕ್‌ರಿಂಗ್ 40 ನ್ಯೂಟನ್ ಮೀಟರ್.

ಚೈನು ಹೊಸದು. ಡಿರೈಲರ್ ಒಳಗೆ ತೂರಿಸದೆ ಮುಂದೆ ದೊಡ್ಡದು, ಹಿಂದೆ ದೊಡ್ಡದರ ಮೇಲೆ ಸುತ್ತಿ ಅಳತೆ ತೆಗೆದು, ಮೇಲೆ ಎರಡು ಲಿಂಕ್ ಸೇರಿಸಿ ಕತ್ತರಿಸಿದೆ. ಆಮೇಲೆ ಹಿಂದಿನ ಡಿರೈಲರಿನ ಅಂತರ ಹೊಂದಿಸುವ ಬಿ-ಸ್ಕ್ರೂ: ಮೇಲಿನ ಪುಲ್ಲಿ 34ರ ಹಲ್ಲಿಗೆ ತಾಗದಷ್ಟು, ಆದರೆ ಆದಷ್ಟು ಹತ್ತಿರ. ಡಿರೈಲರನ್ನು ಫ್ರೇಮಿಗೆ ಹಿಡಿಯುವ ಹ್ಯಾಂಗರ್ ನೇರ ಇದೆಯಾ ಅಂತ ಗೇಜ್ ಹಿಡಿದು ನೋಡಿದೆ. ಇದನ್ನು ಬಿಡಬೇಡಿ, ದೊಡ್ಡ ಹಲ್ಲಿಗೆ ಹೋದಾಗ ಕೇಜು ಕಡ್ಡಿಗಳ ತೀರಾ ಹತ್ತಿರ ಇರುತ್ತದೆ.

ಮೇಲಿನ ಗೇರ್ ಕಮ್ಮಿ ಆಯಿತಲ್ಲ ಅಂತ ಕೆಲವರು ಕೇಳಿದರು. 50×11ರಲ್ಲಿ 90 ಸುತ್ತಿಗೆ ಗಂಟೆಗೆ 51 ಕಿ.ಮೀ. ಮೇಲೆ ಬರುತ್ತದೆ. 52×11ರಲ್ಲಿ ಎರಡು ಕಿ.ಮೀ. ಜಾಸ್ತಿ. ಆ ವೇಗದಲ್ಲಿ ಅವಳು ತುಳಿಯುವುದೇ ಇಲ್ಲ, ಸುಮ್ನೆ ಬಗ್ಗಿ ಕೂರುತ್ತಾಳೆ.

ಗಾಳಿ ಸೀಳಲೆಂದೇ ಮಾಡಿದ ಟಿಟಿ (ಟೈಮ್ ಟ್ರಯಲ್) ಬೈಕ್ ಬಾಡಿಗೆಗೆ ತರಬಹುದಿತ್ತು. ಬೇಡ ಅಂದೆ. ಇಷ್ಟು ತಿರುವು ಇರುವ ಇಳಿಜಾರಿನಲ್ಲಿ ಬ್ರೇಕ್ ಲಿವರ್ ಕೈಯಲ್ಲೇ ಇರಬೇಕು. ರೋಡ್ ಬೈಕಿಗೇ ಮೊಣಕೈ ಊರಿ ಬಗ್ಗಿ ಕೂರಲು ಕ್ಲಿಪ್-ಆನ್ ಏರೋ ಬಾರ್ ಹಾಕಿದೆ, ಸಮತಟ್ಟಾದ ಜಾಗಕ್ಕೆ ಅದು ಸಾಕು.

ಮೀಟರ್ ನಿಜ ಹೇಳುತ್ತಾ?

ತುಳಿತದ ವ್ಯಾಟ್ ಅಳೆಯುವ ಪವರ್ ಮೀಟರ್ ಎಡಗಡೆಯ ಕ್ರ್ಯಾಂಕಿನಲ್ಲಿದೆ (ಪೆಡಲ್ ಹಿಡಿದಿರುವ ತೋಳು). ಎಡಗಾಲಿನದನ್ನು ಅಳೆದು ಎರಡರಿಂದ ಗುಣಿಸುತ್ತದೆ. ಎಡಗಾಲು 51, ಬಲಗಾಲು 49 ಇದ್ದರೆ ಅದು 2 ಪರ್ಸೆಂಟ್ ಜಾಸ್ತಿ ತೋರಿಸುತ್ತದೆ. ಪರವಾಗಿಲ್ಲ, ಎಫ್‌ಟಿಪಿ ಅಳೆದದ್ದೂ ಇದೇ ಮೀಟರಿನಲ್ಲಿ. ಆದರೆ ಟಾರ್ಕ್, ಅಂದರೆ ತಿರುಚುವ ಬಲ, ಸರಿ ಓದುತ್ತದಾ ಅಂತ ಮನೆಯಲ್ಲೇ ನೋಡಬಹುದು. ಜಿಮ್ಮಿನ ತೂಕದ ಬಿಲ್ಲೆಯನ್ನು ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಬೆಲ್ಟಿನ ತೂಕವೂ ಸೇರಿ 20 ಕಿಲೋ ಆಗುವಂತೆ ಮಾಡಿ, ಕ್ರ್ಯಾಂಕನ್ನು ಮುಂದಕ್ಕೆ ನೆಲಕ್ಕೆ ಸಮಾಂತರವಾಗಿ ಹಿಡಿದು, ಹಿಂದಿನ ಬ್ರೇಕ್ ಒತ್ತಿ, ಪೆಡಲ್ಲಿನ ಅಚ್ಚಿಗೆ ನೇತುಹಾಕಿದೆ. ಕ್ರ್ಯಾಂಕ್ 165 ಮಿ.ಮೀ. 20 × 9.8 × 0.165, ಅಂದರೆ 32.3 ನ್ಯೂಟನ್ ಮೀಟರ್ ಬರಬೇಕು. ಫೋನಿನ ಆ್ಯಪ್‌ನಲ್ಲಿ 32.6 ತೋರಿಸಿತು. 1 ಪರ್ಸೆಂಟಿನೊಳಗೆ. ಇದಕ್ಕಿಂತ ಹೆಚ್ಚು ಕೇಳಬಾರದು.

ಮಾಡುವ ಮೊದಲು ಸೈಕಲ್ಲನ್ನು ಹೊರಗೆ ಅರ್ಧ ಗಂಟೆ ನಿಲ್ಲಿಸಿ ಆಮೇಲೆ ಝೀರೋ ಮಾಡಿ. ಬಿಸಿ ತಂಪಿಗೆ ಈ ಮೀಟರ್‌ಗಳ ಸೊನ್ನೆ ಸರಿದುಬಿಡುತ್ತದೆ.

ಲೆಕ್ಕದ ಪಟ್ಟಿ

ಕೋರ್ಸಿನ ಜಿಪಿಎಕ್ಸ್ ಫೈಲ್ (ದಾರಿಯ ಪ್ರತಿ ಬಿಂದುವಿನ ಜಾಗ, ಎತ್ತರ ಇರುವ ಫೈಲ್) ತೆಗೆದು ಲಿಬ್ರೆ ಆಫೀಸ್ ಶೀಟಿಗೆ ಹಾಕಿದೆ. ಮೊದಲು ನೋಡಿದಾಗ ಬೆಟ್ಟದ ರಸ್ತೆಯಲ್ಲಿ 25 ಪರ್ಸೆಂಟ್ ಚಡಾವು, ಹತ್ತೇ ಮೀಟರಿಗೆ ಮತ್ತೆ 20 ಪರ್ಸೆಂಟ್ ಇಳಿಜಾರು ಅಂತೆಲ್ಲ ಕಾಣಿಸಿತು. ಅಂಥ ರಸ್ತೆ ಅಲ್ಲಿಲ್ಲ. ಲೂ ನದಿಯ ಕೊರಕಲಿನ ಪಕ್ಕ ಬಂಡೆ ಕೊರೆದು ಮಾಡಿದ ರಸ್ತೆಗಳಲ್ಲಿ, ಉಪಗ್ರಹದಿಂದ ತೆಗೆದ ಎತ್ತರದ ಮಾಹಿತಿ ಬಂಡೆಯ ತಲೆಯನ್ನೂ ಕೊರಕಲಿನ ತಳವನ್ನೂ ಕಲಸಿಬಿಡುತ್ತದೆ. 200 ಮೀಟರಿನ ಸರಾಸರಿ ತೆಗೆದು ನಯ ಮಾಡಿದೆ. ಸರಿಯಾಯಿತಾ ಅಂತ ನೋಡಲು ಒಂದು ಸುಲಭ ದಾರಿ ಇದೆ: ಒಟ್ಟು ಏರಿಕೆ ಕೂಡಿ ನೋಡುವುದು. ಹಸಿ ಫೈಲಿನಲ್ಲಿ ನೂರಾರು ಮೀಟರ್ ಜಾಸ್ತಿ ಇತ್ತು. ನಯ ಮಾಡಿದ ಮೇಲೆ 2400ರ ಹತ್ತಿರ ಬಂತು.

ಪ್ರತಿ ತುಂಡಿಗೂ ಮೂರು ತಡೆ. ಗುರುತ್ವ, ಟೈರಿನ ಉರುಳು ತಡೆ, ಗಾಳಿ. ಮೂರನ್ನೂ ಕೂಡಿ ವೇಗದಿಂದ ಗುಣಿಸಿ, ಚೈನಿನಲ್ಲಿ ಸೋರುವ 3 ಪರ್ಸೆಂಟ್ ಸೇರಿಸಿದರೆ ಬೇಕಾದ ವ್ಯಾಟ್. ನಮಗೆ ಬೇಕಿರುವುದು ತಿರುಗಾಮುರುಗಾ, ಅಂದರೆ ವ್ಯಾಟ್ ಕೊಟ್ಟು ವೇಗ ತೆಗೆಯುವುದು. ಅದಕ್ಕೆ ಪಕ್ಕದ ಕಾಲಂಗಳಲ್ಲಿ ಅಂದಾಜನ್ನು ನಾಲ್ಕೈದು ಸಲ ತಿದ್ದುತ್ತಾ ಹೋಗುವ ಸೂತ್ರ ಹಾಕಿದರೆ ಆಯಿತು.

ಗಾಳಿಯ ವಿಷಯದಲ್ಲಿ ಬೆಂಗಳೂರಿನವರು ಒಂದು ಮಾತು ನೆನಪಿಡಬೇಕು. ನಾವು 900 ಮೀಟರ್ ಎತ್ತರದಲ್ಲಿದ್ದೇವೆ. ಇಲ್ಲಿನ ಗಾಳಿ ಸಮುದ್ರ ಮಟ್ಟದ ಗಾಳಿಗಿಂತ ಹತ್ತು ಪರ್ಸೆಂಟ್‌ಗೂ ಜಾಸ್ತಿ ತೆಳು. ದೇವನಹಳ್ಳಿ ರಸ್ತೆಯಲ್ಲಿ 120 ವ್ಯಾಟ್‌ಗೆ ಬರುವ ವೇಗ ನೀಸಿನ ಸಮುದ್ರ ತೀರದಲ್ಲಿ ಬರುವುದಿಲ್ಲ. ಇದು ಗೊತ್ತಿಲ್ಲದೆ ಹೋದರೆ ಮೊದಲ ಹತ್ತು ಕಿ.ಮೀ.ನಲ್ಲೇ "ಯಾಕೋ ಇವತ್ತು ಓಡ್ತಿಲ್ಲ" ಅಂತ ಜಾಸ್ತಿ ತುಳಿಯಲು ಶುರು ಮಾಡುತ್ತೀರಿ. ಅದಕ್ಕೇ ರೇಸಿನ ದಿನ ಹ್ಯಾಂಡಲ್ ಮೇಲಿನ ಸ್ಕ್ರೀನಿನಲ್ಲಿ ವೇಗವನ್ನು ತೋರಿಸುವುದೇ ಬೇಡ ಅಂತ ನಿರ್ಧರಿಸಿದೆವು.

ನಂದಿಯಲ್ಲಿ ಪರೀಕ್ಷೆ

ಪಟ್ಟಿಯನ್ನು ನಂಬುವ ಮೊದಲು ಗೊತ್ತಿರುವ ಬೆಟ್ಟದಲ್ಲಿ ಪರೀಕ್ಷೆ ಮಾಡಬೇಕು. ನಂದಿ ಹತ್ತುವ ರಸ್ತೆ ಸುಮಾರು ಏಳೂವರೆ ಕಿ.ಮೀ., ಸರಾಸರಿ ಐದೂವರೆ ಪರ್ಸೆಂಟ್ ಹತ್ತಿರ. 140 ವ್ಯಾಟ್‌ಗೆ ಪಟ್ಟಿ ಹೇಳಿದ್ದು 39 ನಿಮಿಷದ ಮೇಲೆ ಚೂರು. ಬೆಳಗ್ಗೆ ಗಾಡಿಗಳ ಸಾಲು ಶುರುವಾಗುವ ಮೊದಲು ತಂಗಿ 140ಕ್ಕೆ ಅಂಟಿಕೊಂಡು ಹತ್ತಿದಾಗ ಬಂದದ್ದು ನಲವತ್ತೂವರೆ. ಮೀಟರ್ ಸರಿ ಇದೆ, ತೂಕ ಸರಿ ಇದೆ. ಉಳಿದದ್ದು ರಸ್ತೆ. ಒರಟು ಡಾಂಬರು, ಹೇರ್‌ಪಿನ್‌ಗಳು. ಉರುಳು ತಡೆಯ ಅಂಕಿಯನ್ನು 0.005ರಿಂದ 0.007ಕ್ಕೆ ಏರಿಸಿದರೆ ಪಟ್ಟಿ ಮತ್ತು ಗಡಿಯಾರ ಒಂದಾದವು. ಫ್ರಾನ್ಸಿನ ರಸ್ತೆ ಇಷ್ಟು ಒರಟಿರಲಿಕ್ಕಿಲ್ಲ ಅಂತ ಅಲ್ಲಿಗೆ 0.006 ಇಟ್ಟೆ.

ಇನ್ನೊಮ್ಮೆ 165ರಲ್ಲಿ ಹತ್ತಿಸಿದೆ. 35 ನಿಮಿಷದೊಳಗೆ ಬಂದಳು. ಆಗ ಎರಡೂ ಫೈಲ್ ಪಕ್ಕಪಕ್ಕ ಇಟ್ಟು ನೋಡಿದಾಗ ಕಂಡದ್ದನ್ನು ಎಲ್ಲರಿಗೂ ಹೇಳಬೇಕು ಅನಿಸುತ್ತದೆ. 140ರಲ್ಲಿ ಹತ್ತಿದಾಗ ಪೆಡಲ್ಲಿಗೆ ಹಾಕಿದ ಒಟ್ಟು ಕೆಲಸ 340 ಕಿಲೋಜೂಲ್. 165ರಲ್ಲಿ 345ರ ಆಸುಪಾಸು. ಹೆಚ್ಚುಕಡಿಮೆ ಒಂದೇ! 70 ಕಿಲೋ ಮೇಲೆತ್ತುವ ಕೆಲಸ ನಿಧಾನ ಹೋದರೂ ಅಷ್ಟೇ, ಜೋರು ಹೋದರೂ ಅಷ್ಟೇ. ಬೆಟ್ಟದಲ್ಲಿ ನಿಧಾನ ಹೋಗಿ ಕೆಲಸ ಉಳಿಸುತ್ತೇನೆ ಅನ್ನುವುದು ಆಗದ ಮಾತು.

ಹಾಗಾದರೆ ಏನು ಉಳಿಯುತ್ತದೆ? ಆ ಕೆಲಸಕ್ಕೆ ಇಂಧನ ಎಲ್ಲಿಂದ ಬರುತ್ತದೆ ಅನ್ನುವುದು ಬದಲಾಗುತ್ತದೆ. ಮೆಲ್ಲಗೆ ತುಳಿದರೆ ಕೊಬ್ಬಿನ ಪಾಲು ಜಾಸ್ತಿ. ಎಫ್‌ಟಿಪಿಯ ಹತ್ತಿರ ಹೋದಂತೆ ಗ್ಲೈಕೋಜನ್ (ಮೈಯಲ್ಲಿ ಕೂಡಿಟ್ಟ ಸಕ್ಕರೆ) ಪಾಲು ಏರುತ್ತಾ ಹೋಗುತ್ತದೆ. ಕೊಬ್ಬು ಎಲ್ಲರ ಮೈಯಲ್ಲೂ ಬೇಕಾದಷ್ಟಿದೆ, ಗ್ಲೈಕೋಜನ್ 2000 ಕ್ಯಾಲರಿ ಆಸುಪಾಸು, ಅಷ್ಟೇ. ಅದೇ ಗ್ಲೈಕೋಜನ್ ಆಮೇಲೆ ಮ್ಯಾರಥಾನ್ ಓಡಲು ಬೇಕು. ವ್ಯಾಯಾಮ ವಿಜ್ಞಾನಿ ಆಂಡ್ರ್ಯೂ ಕಾಗನ್ ರೂಪಿಸಿದ ನಾರ್ಮಲೈಸ್ಡ್ ಪವರ್ ಅನ್ನುವ ಅಳತೆ ಇದನ್ನೇ ಹಿಡಿಯಲು ನೋಡುತ್ತದೆ. ಅದರಲ್ಲಿ ವ್ಯಾಟ್ ನಾಲ್ಕನೇ ಘಾತಕ್ಕೆ ಏರುತ್ತದೆ. 170ರಲ್ಲಿ ತುಳಿದ ಒಂದು ನಿಮಿಷ 140ರ ಎರಡು ನಿಮಿಷಕ್ಕೂ ಜಾಸ್ತಿ ತೂಗುತ್ತದೆ. ಆ ಹಳೆಯ ಗೇರ್ ಬೇಡುತ್ತಿದ್ದ 220 ಇದೆಯಲ್ಲ, ಅದರ ಒಂದು ನಿಮಿಷ 140ರ ಆರು ನಿಮಿಷಕ್ಕೆ ಸಮ.

ವ್ಯಾಟ್ ಹಂಚಿದ್ದು

ಮತ್ತೆ ಪಟ್ಟಿಗೆ. 20 ಕಿ.ಮೀ. ಉದ್ದದ 5 ಪರ್ಸೆಂಟ್ ಏರು: 140 ವ್ಯಾಟ್‌ಗೆ 99 ನಿಮಿಷ, 155ಕ್ಕೆ 90, 170ಕ್ಕೆ 83. ಅದೇ 20 ಕಿ.ಮೀ. ಸಮತಟ್ಟು ಇದ್ದರೆ 120ಕ್ಕೆ 40 ನಿಮಿಷದ ಮೇಲೆ, 135ಕ್ಕೆ ಎರಡು ನಿಮಿಷ ಕಮ್ಮಿ. ಅಂದರೆ ಅದೇ 15 ವ್ಯಾಟ್ ಏರಿನಲ್ಲಿ 9 ನಿಮಿಷ ಕೊಡುತ್ತದೆ, ಸಮತಟ್ಟಿನಲ್ಲಿ 2. ಏರಿನಲ್ಲಿ ಹೊತ್ತು ಹೆಚ್ಚು ಹಿಡಿಯುತ್ತದೆ ಅನ್ನುವುದನ್ನು ಸೇರಿಸಿ ನೋಡಿದರೂ ನಿಮಿಷಕ್ಕೆ ಸಿಗುವ ಲಾಭ ಸುಮಾರು ಎರಡು ಪಟ್ಟು. ಇಳಿಜಾರಿನಲ್ಲಿ ಇನ್ನೂ ಕಮ್ಮಿ. 5 ಪರ್ಸೆಂಟ್ ಇಳಿಜಾರಿನಲ್ಲಿ ಸುಮ್ನೆ ಕೂತರೆ 52 ಕಿ.ಮೀ. ವೇಗ, 100 ವ್ಯಾಟ್ ತುಳಿದರೆ 57. ಮುಂದಿನ ತಿರುವಿನಲ್ಲಿ ಆ ಐದೂ ಬ್ರೇಕಿಗೆ ಹೋಗುತ್ತದೆ.

ಹಾಗಾಗಿ ಏರಿನಲ್ಲಿ ಸ್ವಲ್ಪ ಜಾಸ್ತಿ, ಸಮತಟ್ಟಿನಲ್ಲಿ ಸ್ವಲ್ಪ ಕಮ್ಮಿ, ಇಳಿಜಾರಿನಲ್ಲಿ ವಿಶ್ರಾಂತಿ. ಎಲ್ಲ ಕಡೆ ಒಂದೇ ವ್ಯಾಟ್ ಹಿಡಿಯಿರಿ ಅನ್ನುವ ಸಲಹೆ ಗೋವಾದಂಥ ಹೆಚ್ಚುಕಡಿಮೆ ಚಪ್ಪಟೆ ಕೋರ್ಸಿಗೆ ಸರಿ. ಬೆಟ್ಟಕ್ಕೆ ಅದು ಸರಿ ಅಲ್ಲ ಅಂತ ಗಟ್ಟಿಯಾಗಿ ಹೇಳುತ್ತೇನೆ. ಆದರೆ ಆ "ಸ್ವಲ್ಪ"ಕ್ಕೆ ಗಡಿ ಬೇಕು.

ನಾವು ಇಟ್ಟದ್ದು ಹೀಗೆ. ಸಮತಟ್ಟು 120. ಎರಡರಿಂದ ನಾಲ್ಕು ಪರ್ಸೆಂಟ್ 130. ನಾಲ್ಕರಿಂದ ಏಳು 140ರಿಂದ 145. ಅದಕ್ಕಿಂತ ಕಡಿದಾದಲ್ಲಿ 170ರ ತನಕ, ಅದರ ಮೇಲೆ ಯಾವ ಕಾರಣಕ್ಕೂ ಇಲ್ಲ. ಪಟ್ಟಿಯ ಪ್ರಕಾರ 45 ಕಿ.ಮೀ. ವೇಗ ದಾಟುವ ಇಳಿಜಾರುಗಳಲ್ಲಿ ತುಳಿಯುವುದು ಬಂದ್. ಇದನ್ನು ಪಟ್ಟಿಗೆ ಹಾಕಿದಾಗ ಸರಾಸರಿ 120ರ ಹತ್ತಿರ, ನಾರ್ಮಲೈಸ್ಡ್ 130ರ ಹತ್ತಿರ, ಎಫ್‌ಟಿಪಿಯ 65 ಪರ್ಸೆಂಟ್, ಸಮಯ ಏಳು ಗಂಟೆ ನಲವತ್ತು ನಿಮಿಷದ ಆಸುಪಾಸು. ಒಟ್ಟು ದಣಿವನ್ನು ಅಳೆಯುವ ಟ್ರೇನಿಂಗ್ ಸ್ಟ್ರೆಸ್ ಸ್ಕೋರ್ (ಒಂದು ಗಂಟೆ ಎಫ್‌ಟಿಪಿಯಲ್ಲಿ ತುಳಿದರೆ 100) 320. ಸಾಮಾನ್ಯವಾಗಿ ಕೋಚ್‌ಗಳು 300ರ ಆಚೆ ಹೋದರೆ ಓಟಕ್ಕೆ ಪೆಟ್ಟು ಅನ್ನುತ್ತಾರೆ. ಆದರೆ ಇಷ್ಟು ಹೊತ್ತು ಸೈಕಲ್ ಮೇಲಿರುವವರಿಗೆ 300ರೊಳಗೆ ಮುಗಿಸಬೇಕಾದರೆ ತೀರಾ ಮೆಲ್ಲಗೆ ಹೋಗಬೇಕು, ಆಗ ಹೊತ್ತು ಇನ್ನೂ ಬೆಳೆಯುತ್ತದೆ. 320ಕ್ಕೆ ಒಪ್ಪಿದೆವು. ಸರಾಸರಿಗೂ ನಾರ್ಮಲೈಸ್ಡ್‌ಗೂ 8 ಪರ್ಸೆಂಟ್ ವ್ಯತ್ಯಾಸ ಇದೆ. ಚಪ್ಪಟೆ ಕೋರ್ಸಿನಲ್ಲಿ 5ರೊಳಗೆ ಇರಬೇಕು ಅನ್ನುತ್ತಾರೆ, ಇಲ್ಲಿ ಅದರ ಹಿಂದೆ ಬೀಳಬೇಡಿ.

ಆ 170 ಎಲ್ಲಿಂದ ಬಂತು? ಎಫ್‌ಟಿಪಿಯ 85 ಪರ್ಸೆಂಟ್ ಅನ್ನುವುದು ಒಂದು. ಇನ್ನೊಂದು ರೇಸಿನ ನಿಯಮ. ಮುಂದಿನವರಿಂದ 12 ಮೀಟರ್ ದೂರ ಇರಬೇಕು, ಹಿಂದೆ ಹಾಕಲು ಒಳನುಗ್ಗಿದರೆ 25 ಸೆಕೆಂಡಿನಲ್ಲಿ ದಾಟಬೇಕು. 12 ಮೀಟರನ್ನು 25 ಸೆಕೆಂಡಿನಲ್ಲಿ ದಾಟಲು ಅವರಿಗಿಂತ ಗಂಟೆಗೆ 1.7 ಕಿ.ಮೀ. ವೇಗ ಜಾಸ್ತಿ ಬೇಕು. ಅವರು ನಮ್ಮಷ್ಟೇ, 140ರ 12 ಕಿ.ಮೀ. ವೇಗದಲ್ಲಿ ಹತ್ತುತ್ತಿದ್ದರೆ ನಾವು 160 ಚಿಲ್ಲರೆಗೆ ಏರಿಸಬೇಕು. 170ರೊಳಗೆ ಅದು ಆಗುತ್ತದೆ. ಅದಕ್ಕಿಂತ ಜಾಸ್ತಿ ಬೇಕಾಗುತ್ತದೆ ಅಂದರೆ ಹಿಂದೆ ಹಾಕುವುದು ಬೇಡ, 12 ಮೀಟರ್ ಹಿಂದೆಯೇ ಇರು ಅಂತ ಮಾತಾಯಿತು.

ಚಿಕ್ಕಮಗಳೂರಿನಲ್ಲಿ ತಾಲೀಮು

ನಂದಿ 40 ನಿಮಿಷದಲ್ಲಿ ಮುಗಿದುಹೋಗುತ್ತದೆ. 99 ನಿಮಿಷದ ಏರು ಹೇಗಿರುತ್ತದೆ ಅಂತ ತಿಳಿಯಲು ಬೆಂಗಳೂರಿನ ಸುತ್ತ ಜಾಗವಿಲ್ಲ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿ ಕಡೆಗೆ ಹತ್ತುವ ರಸ್ತೆಗೆ ಹೋದೆವು. ನಾನು ಹಿಂದೆ ಸ್ಕೂಟರಿನಲ್ಲಿ.

ಅರ್ಧ ಗಂಟೆಗೇ ತಂಗಿ ತಿರುಗಿ, "ಅಣ್ಣ, ಇದು ತೀರಾ ಮೆಲ್ಲಗಾಯ್ತು. ಇಷ್ಟೇ ತುಳೀಬೇಕಾ?" ಅಂದಳು.

"ಅಷ್ಟೇ ಕಣೇ. ಮೊದಲ ಅರ್ಧ ಗಂಟೆ ಮೆಲ್ಲಗೆ ಅನ್ನಿಸ್ಲೇಬೇಕು. ಮೇಲೆ ಹೋದ್ಮೇಲೆ ಹೇಳು."

ಮೇಲೆ ಹೋದ ಮೇಲೆ ಅವಳು ಹೇಳಿದ್ದು ವ್ಯಾಟ್ ಬಗ್ಗೆ ಅಲ್ಲ. ಸೊಂಟದ ಬಗ್ಗೆ. ಒಂದೇ ಗೇರಿನಲ್ಲಿ ಒಂದೇ ಭಂಗಿಯಲ್ಲಿ ಅಷ್ಟು ಹೊತ್ತು ಕೂತರೆ ಕೆಳಬೆನ್ನು ಹಿಡಿದುಕೊಳ್ಳುತ್ತದೆ. ಇದು ನನ್ನ ಶೀಟಿನ ಯಾವ ಕಾಲಂನಲ್ಲೂ ಇರಲಿಲ್ಲ. ಆಮೇಲೆ ಪಟ್ಟಿಗೆ ಒಂದು ಸಾಲು ಸೇರಿತು: ಉದ್ದದ ಏರಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಹಿಂದೆ ಒಂದು ಚಿಕ್ಕ ಹಲ್ಲಿಗೆ, ಅಂದರೆ ಒಂದು ಭಾರದ ಗೇರಿಗೆ ಹಾಕಿ, ಎದ್ದು ನಿಂತು ಇಪ್ಪತ್ತು ತುಳಿತ, ವ್ಯಾಟ್ 170 ದಾಟದಂತೆ. ಇದು ಎಲ್ಲಕ್ಕಿಂತ ಒಳ್ಳೆಯ ತಿದ್ದುಪಡಿ ಆಯಿತು.

ಊಟದ ಲೆಕ್ಕವೂ ಅಲ್ಲೇ ಪಕ್ಕಾ ಆಯಿತು. ಮೀಟರ್ ತೋರಿಸುವ ಕಿಲೋಜೂಲ್ ಹೆಚ್ಚುಕಡಿಮೆ ದೇಹ ಸುಡುವ ಕ್ಯಾಲರಿಗೆ ಸಮ, ಏಕೆಂದರೆ ನಮ್ಮ ದೇಹ ಸುಟ್ಟದ್ದರಲ್ಲಿ ಕಾಲು ಭಾಗದಷ್ಟು ಮಾತ್ರ ಪೆಡಲ್ಲಿಗೆ ಬರುತ್ತದೆ. ನೀಸ್‌ಗೆ 3300 ಹತ್ತಿರ. ಗಂಟೆಗೆ 70 ಗ್ರಾಂ ಕಾರ್ಬ್ ಅಂದರೆ ಒಟ್ಟು 2100 ಕ್ಯಾಲರಿ. ಉಳಿದದ್ದು ಮೈಯಿಂದ. ಏರಿನಲ್ಲಿ ವೇಗ ಕಮ್ಮಿ, ಕೈ ಖಾಲಿ, ತಿನ್ನಲು ಅದೇ ಒಳ್ಳೆಯ ಹೊತ್ತು. ಇಳಿಜಾರಿನಲ್ಲಿ ಎರಡೂ ಕೈ ಬ್ರೇಕಿಗೆ ಬೇಕು. ಆದ್ದರಿಂದ ತುದಿ ಮುಟ್ಟುವ ಹತ್ತು ನಿಮಿಷ ಮೊದಲೇ ಒಂದು ಜೆಲ್, ಎರಡು ಗುಟುಕು ನೀರು ಅಂತ ಬರೆದೆವು.

ಸ್ಟಿಕ್ಕರ್ ಮತ್ತು ಸ್ಕ್ರೀನ್

ಶೀಟಿನಲ್ಲಿ ಸಾವಿರಗಟ್ಟಲೆ ಸಾಲು ಇದ್ದವು. ಅದನ್ನು ಕೋರ್ಸಿನ ಒಂಬತ್ತು ಭಾಗಕ್ಕೆ ಇಳಿಸಿದೆ. ಪ್ರತಿ ಭಾಗಕ್ಕೆ ಎಲ್ಲಿ ಮುಗಿಯುತ್ತದೆ, ಎಷ್ಟು ವ್ಯಾಟ್, ಏನು ತಿನ್ನಬೇಕು. ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಅಗಲ ಸೆಲ್ಲೋಟೇಪಿನಿಂದ ಎರಡೂ ಬದಿ ಮುಚ್ಚಿ ಟಾಪ್ ಟ್ಯೂಬ್ ಮೇಲೆ ಅಂಟಿಸಿದೆ. ಬೆವರಿಗೂ ಜೆಲ್ಲಿಗೂ ಏನೂ ಆಗಲಿಲ್ಲ.

ಹ್ಯಾಂಡಲ್ ಮೇಲಿನ ಸ್ಕ್ರೀನಿನಲ್ಲಿ ನಾಲ್ಕೇ ಅಂಕಿ: ಹತ್ತು ಸೆಕೆಂಡಿನ ಸರಾಸರಿ ವ್ಯಾಟ್, ಈ ಭಾಗದ ನಾರ್ಮಲೈಸ್ಡ್ ಪವರ್, ಕಾಲಿನ ಸುತ್ತು, ದೂರ. ಮೂರು ಸೆಕೆಂಡಿನ ಸರಾಸರಿ ಇಟ್ಟರೆ ಅಂಕಿ ಕುಣಿಯುತ್ತದೆ, ಕಣ್ಣು ಅದರ ಹಿಂದೆಯೇ ಹೋಗುತ್ತದೆ. ಜೊತೆಗೆ 170 ದಾಟಿದರೆ ಬೀಪ್.

ವಿಮಾನಕ್ಕೆ ಪ್ಯಾಕ್ ಮಾಡುವಾಗ ಹಿಂದಿನ ಡಿರೈಲರನ್ನು ಹ್ಯಾಂಗರಿನಿಂದ ಬಿಚ್ಚಿ ಬಬಲ್ ರ‍್ಯಾಪ್ ಸುತ್ತಿ ಒಳಗೆ ಕಟ್ಟಿದೆ. ಇನ್ನೊಂದು ಹ್ಯಾಂಗರ್ ಜೊತೆಗೇ ಕಳಿಸಿದೆ. ಸೀಟ್‌ಪೋಸ್ಟಿನ ಎತ್ತರಕ್ಕೆ ಟೇಪಿನ ಗುರುತು.

ರೇಸಿನ ಫೈಲ್

ಅವಳು ಕಳಿಸಿದ ಫೈಲ್ ನೋಡಿದ ಮೇಲೆ ಬರೆಯುತ್ತಿದ್ದೇನೆ. ಕೋಲ್ ದ ಲೆಕ್ರ್ ಏರಿಗೆ ಪಟ್ಟಿಗಿಂತ ಎರಡು ನಿಮಿಷ ಜಾಸ್ತಿ. ಆ ಏರಿನಲ್ಲಿ ನಾರ್ಮಲೈಸ್ಡ್ 141. ಮೊದಲ ಕಾಲು ಗಂಟೆ ಸುತ್ತಲಿನವರೆಲ್ಲ ದಾಟಿ ಹೋದರೂ ಅವಳು 145 ಮೀರಿಲ್ಲ. ಆ ಸಾಲು ನೋಡಿ ನನಗೆ ಬಂದ ಸಂತೋಷ ಹೇಳತೀರದು. ಸಮತಟ್ಟಿನಲ್ಲೂ ಪಟ್ಟಿ ಮತ್ತು ಫೈಲ್ ಹತ್ತಿರ ಹತ್ತಿರ. ವ್ಯತ್ಯಾಸ ಬಂದದ್ದು ಇಳಿಜಾರಿನಲ್ಲಿ, ಹತ್ತು ನಿಮಿಷಕ್ಕೂ ಜಾಸ್ತಿ. ತಿರುವುಗಳಲ್ಲಿ 42 ಕಿ.ಮೀ. ಅಂತ ಹಾಕಿದ್ದೆ, ಅವಳು ಹೋಗಿದ್ದು ಮೂವತ್ತರ ಮೇಲೆ ಚೂರು. ಗೊತ್ತಿಲ್ಲದ ರಸ್ತೆ, ಕೆಳಗೆ ಕೊರಕಲು, ಅದೇ ಸರಿ. ಹತ್ತು ನಿಮಿಷಕ್ಕೋಸ್ಕರ ಯಾರೂ ಬ್ರೇಕ್ ಬಿಡಬೇಕಾಗಿಲ್ಲ.

ಓಟದ ಎರಡನೇ ಅರ್ಧ ಮೊದಲನೆಯದಕ್ಕಿಂತ ಸ್ವಲ್ಪವೇ ನಿಧಾನ. ಎಲ್ಲೂ ನಡೆದಿಲ್ಲ, ನೀರಿನ ಮೇಜುಗಳ ಹತ್ತಿರ ಬಿಟ್ಟರೆ.

ಶೀಟನ್ನು ಈಗ ತಿದ್ದುತ್ತಿದ್ದೇನೆ. ಇಳಿಜಾರಿನ ಮಿತಿಯನ್ನು ಒಂದೇ ಅಂಕಿ ಇಡುವ ಬದಲು ತಿರುವು ಎಷ್ಟು ಬಿಗಿ ಅಂತ ನೋಡಿ ಹಾಕಬೇಕು, ಜಿಪಿಎಕ್ಸ್‌ನಲ್ಲಿ ಅಷ್ಟು ಮಾಹಿತಿ ಇದೆ. 34×34 ಗೇರಿನಲ್ಲಿ ಅವಳು ಕಳೆದ ಹೊತ್ತು ನಾನು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ, ಹಾಗಾಗಿ ಆ ಕ್ಯಾಸೆಟ್ ತೆಗೆಯುವುದಿಲ್ಲ. ನಿಮ್ಮ ಕೋರ್ಸಿಗೆ ಇದನ್ನೇ ಮಾಡುವವರಿದ್ದರೆ ನಾಲ್ಕು ಅಂಕಿ ನಿಮ್ಮದೇ ಇರಲಿ: ಎಲ್ಲ ಹೊತ್ತ ತೂಕ, ಎಫ್‌ಟಿಪಿ, ಪರಿಚಯದ ಬೆಟ್ಟದಲ್ಲಿ ಅಳೆದ ಉರುಳು ತಡೆ, ಮತ್ತು ನೀವು ನಿಜವಾಗಿ ಇಳಿಯುವ ವೇಗ.